ಜಾಲರಿ ಪರದೆಯ ಬಿಳುಪು

ಕಿಟಕಿಗೆ ಕಟ್ಟುವ ಬಟ್ಟೆಗೆ ಕನ್ನಡದ ಹಳೆಯ ಹೆಸರು ತೆರೆ. ಸಂಸ್ಕೃತದ ಜವನಿಕೆ ನಾಟಕದವರ ಮಾತಾಗಿ ಉಳಿಯಿತು. ನಾವು ನಿತ್ಯ ಆಡುವ ಪರದೆಯಾದರೋ ಫಾರಸಿಯಿಂದ ಬಂದದ್ದು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ನಮ್ಮ ಕೊಪ್ಪಳ ಸೀಮೆಗೆ ಅದು ಮನೆಮಾತೇ ಆಗಿದೆ. ಹೆಸರು ಯಾವುದಾದರೂ ಇರಲಿ, ಸಣ್ಣ ಕಣ್ಣಿನ ಬಿಳಿಯ ಜಾಲರಿಯನ್ನು ಬೀದಿಯ ಕಡೆಯ ಕಿಟಕಿಗೆ ಇಳಿಬಿಟ್ಟ ಮನೆಯವರಿಗೆಲ್ಲ ಚಿಂತೆ ಒಂದೇ. ಕೊಂಡಾಗ ಹಾಲಿನಂತಿದ್ದದ್ದು ಆರು ತಿಂಗಳಿಗೆ ಬೂದಿಯ ಬಣ್ಣಕ್ಕೆ ತಿರುಗುತ್ತದೆ. ಒಗೆದರೂ ಮೊದಲಿನಂತಾಗುವುದಿಲ್ಲ. ಬೇಸತ್ತು ಒಂದು ಹಿಡಿ ಬ್ಲೀಚಿಂಗ್ ಪೌಡರ್ ಸುರಿದರೆ ಕೆಲವು ಸಲ ಇನ್ನೂ ಹಳದಿಯಾಗಿ, ಮುಟ್ಟಿದಲ್ಲಿ ಹರಿಯುತ್ತದೆ. ದುಡ್ಡು ಕೊಟ್ಟು ತಂದ ಪರದೆ ಹೀಗೆ ಹಾಳಾಗುವುದಕ್ಕೆ ಮೂರು ಸಂಗತಿಗಳನ್ನು ಅರಿಯದಿರುವುದೇ ಕಾರಣ: ಅಂಟಿದ ಧೂಳು ಎಂಥದು, ಒಗೆಯುವ ನೀರು ಎಂಥದು, ಪರದೆಯ ನೂಲು ಯಾವುದು.

ಮೊದಲು ಧೂಳಿನ ಮಾತು. ಜಾಲರಿಯೆಂದರೆ ಒಂದು ಬಗೆಯ ಜರಡಿ. ಗಾಳಿಯನ್ನು ಒಳಕ್ಕೆ ಬಿಟ್ಟು ಧೂಳನ್ನು ತಾನು ಹಿಡಿದಿಟ್ಟುಕೊಳ್ಳುತ್ತದೆ. ಎರೆಹೊಲದ ಮಣ್ಣು ಕೊಡವಿದರೆ ಉದುರೀತು. ಒಗ್ಗರಣೆಯ ಹೊಗೆ ಜಿಡ್ಡಾಗಿ ಅಂಟುತ್ತದೆ. ಅದಕ್ಕೆ ಸೋಡಾ ಬೇಕು. ಆದರೆ ಗಿಣಿಗೇರಿಯ ಸುತ್ತ ಸ್ಪಾಂಜ್ ಐರನ್ ಕಾರ್ಖಾನೆಗಳು ಎದ್ದ ಮೇಲೆ ಆ ಭಾಗದ ಮನೆಗಳಲ್ಲಿ ಕಾಣುವ ಕರಿಯ ಧೂಳಿನ ಬಗೆ ಬೇರೆ. ಅದರಲ್ಲಿ ಕಲ್ಲಿದ್ದಲಿನ ಮಸಿಯೊಡನೆ ಕಬ್ಬಿಣದ ಕಣಗಳೂ ಇರುತ್ತವೆ. ಕಬ್ಬಿಣಕ್ಕೆ ನೀರು ಗಾಳಿ ಎರಡೂ ತಗುಲಿದರೆ ತುಕ್ಕು ಹಿಡಿಯುವುದೆಂದು ಮಕ್ಕಳೂ ಬಲ್ಲರು. ಒಣಗಿದ್ದಾಗ ಬರಿಯ ಧೂಳಾಗಿದ್ದುದು ತೊಯ್ದು ಕುಳಿತರೆ ಕಂದು ಕಲೆಯಾಗುತ್ತದೆ. ಆದುದರಿಂದ ಪರದೆ ಇಳಿಸಿದೊಡನೆ ನೀರಿಗೆ ಹಾಕಬೇಡಿರಿ. ಹೊರಗೆ ಒಯ್ದು ಇಬ್ಬರು ಎರಡು ತುದಿ ಹಿಡಿದು ಚೆನ್ನಾಗಿ ಕೊಡವಿರಿ. ಕೊಕ್ಕೆ ಉಂಗುರಗಳನ್ನು ಬಿಚ್ಚಿರಿ. ತುಕ್ಕಿನ ಕಲೆಗೆ ಅವೂ ಕಾರಣ. ಆಮೇಲೆ ಬರಿಯ ತಣ್ಣೀರಿನಲ್ಲಿ, ರೇಡಿಯೋದಲ್ಲಿ ಹತ್ತು ನಿಮಿಷದ ವಾರ್ತೆ ಮುಗಿಯುವಷ್ಟು ಹೊತ್ತು, ನೆನೆಯಿಟ್ಟು ಆ ಕರಿ ನೀರನ್ನು ಚೆಲ್ಲಿರಿ. ನೀರು ತಿಳಿಯಾಗುವ ತನಕ ಇದನ್ನೇ ಎರಡು ಮೂರು ಸಲ ಮಾಡಿದರೆ ಅರ್ಧ ಕೆಲಸ ಸಾಬೂನಿಲ್ಲದೆಯೇ ಆಗಿರುತ್ತದೆ.

ಇನ್ನು ನೀರು. ಕುಷ್ಟಗಿ, ಯಲಬುರ್ಗಾ ಕಡೆಯ ಕೊಳವೆಬಾವಿಗಳ ಸವಳು ನೀರಿನಲ್ಲಿ ಒಗೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಂದು ಶೀಸೆಯಲ್ಲಿ ಆ ನೀರು, ಇನ್ನೊಂದರಲ್ಲಿ ಮಳೆಯ ನೀರು ತುಂಬಿ, ಎರಡಕ್ಕೂ ಒಂದೊಂದು ಚೂರು ಸಾಬೂನು ಹಾಕಿ ಕುಲುಕಿ ನೋಡಿರಿ. ಮಳೆನೀರಿನಲ್ಲಿ ನೊರೆ ಏಳುತ್ತದೆ. ಸವಳು ನೀರಿನಲ್ಲಿ ಒಡೆದ ಹಾಲಿನಂಥ ಗಷ್ಟು ತೇಲುತ್ತದೆ. ನೀರಿನ ಸುಣ್ಣದಂಶವೂ ಸಾಬೂನಿನ ಕೊಬ್ಬೂ ಸೇರಿ ಆದ ಗಷ್ಟು ಅದು. ಜಾಲರಿಯ ಕಣ್ಣುಗಳಲ್ಲಿ ಅದೇ ಕೂತು, ಅದರ ಮೇಲೆ ಮತ್ತೆ ಧೂಳು ಹಿಡಿದು, ಪರದೆ ಮಾಸಲಾಗಿ ಕಾಣುತ್ತದೆ. ಹಾಗಾದ ಪರದೆಗೆ ಹೆಚ್ಚು ಸಾಬೂನು ಹಾಕಿದಷ್ಟೂ ಗಷ್ಟು ಹೆಚ್ಚು. ಈಗಿನ ಡಿಟರ್ಜೆಂಟ್ ಪುಡಿಗಳು ಸಾಬೂನಿನಷ್ಟು ಒಡೆಯುವುದಿಲ್ಲವಾದರೂ ಸುಣ್ಣದಂಶ ಅವುಗಳ ಬಲವನ್ನೂ ಕುಗ್ಗಿಸುತ್ತದೆ.

ಇದಕ್ಕೆ ಮದ್ದು ಬಟ್ಟೆ ಸೋಡಾ. ಒಂದು ಬಕೆಟ್ ಉಗುರುಬೆಚ್ಚಗಿನ ನೀರಿಗೆ ಎರಡು ಚಮಚ ಮೊದಲೇ ಕರಗಿಸಿದರೆ ಸುಣ್ಣದಂಶವನ್ನು ಅದು ಬೇರ್ಪಡಿಸಿ ತಳಕ್ಕಿಳಿಸುತ್ತದೆ. ಮಡಿವಾಳರು ಹಿಂದೆ ಚೌಳು ಮಣ್ಣನ್ನು ತಂದು ಬಟ್ಟೆ ಬೇಯಿಸುತ್ತಿದ್ದರು. ಅದರಲ್ಲಿ ಇದ್ದದ್ದೂ ಈ ಸೋಡಾವೇ. (ಹೊಲಕ್ಕೆ ಚೌಳು ಬಂದರೆ ಬೆಳೆ ಕೆಡುತ್ತದೆಂಬುದನ್ನು ಗಂಗಾವತಿಯ ಕಾಲುವೆ ಸೀಮೆಯ ರೈತರು ಬಲ್ಲರು. ಮಡಿವಾಳನಿಗೆ ಒದಗಿದ್ದು ಒಕ್ಕಲಿಗನಿಗೆ ಮುಳುವಾಯಿತು.) ಪರದೆಯನ್ನು ಆ ನೀರಿನಲ್ಲಿ ಅದ್ದಿ ಅದುಮಿರಿ, ಕಲ್ಲಿಗೆ ಬಡಿಯಬೇಡಿರಿ, ತಿರುವಿ ಹಿಂಡಬೇಡಿರಿ. ಯಂತ್ರಕ್ಕೆ ಹಾಕುವವರು ದಿಂಬಿನ ಗವಸಿನೊಳಗಿಟ್ಟು ಬಾಯಿ ಕಟ್ಟಿ ಹಾಕಲಿ. ಕಡೆಯ ಸಲ ಜಾಲಿಸುವ ನೀರಿಗೆ ಎರಡು ನಿಂಬೆಹಣ್ಣಿನ ಸೋಸಿದ ರಸ ಬೆರೆಸಿದರೆ ಉಳಿದ ಸುಣ್ಣದಂಶವೂ ಕರಗುತ್ತದೆ. ತುಕ್ಕಿನ ಸಣ್ಣ ಕಲೆಗೂ ನಿಂಬೆರಸ, ಉಪ್ಪು ಹಚ್ಚಿ ಕೆಲಹೊತ್ತು ಬಿಟ್ಟು ತೊಳೆಯುವುದೇ ಸುಲಭೋಪಾಯ.

ನೂಲಿನ ವಿಚಾರವನ್ನು ಅಂಗಡಿಯವನೂ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಅಂಚಿನಿಂದ ಒಂದು ಎಳೆ ಕಿತ್ತು ಚಿಮಟದಲ್ಲಿ ಹಿಡಿದು ಉರಿಗೆ ಒಡ್ಡಿರಿ. ಕಾಗದ ಸುಟ್ಟ ವಾಸನೆ ಬಂದು ಬೂದಿಯಾದರೆ ಹತ್ತಿ. ಕರಗಿ ಗಟ್ಟಿ ಮಣಿಯಾದರೆ ನೈಲಾನ್ ಅಥವಾ ಪಾಲಿಯೆಸ್ಟರ್. ಇವೆರಡೂ ಕ್ರಮವಾಗಿ 1935, 1941ರಲ್ಲಿ ಹುಟ್ಟಿದ ಕೃತಕ ನೂಲುಗಳು. ಗ್ಲಾಸ್ಗೋ ನಗರದ ಚಾರ್ಲ್ಸ್ ಟೆನೆಂಟ್ 1799ರಲ್ಲಿ ಬ್ಲೀಚಿಂಗ್ ಪೌಡರ್ ತಯಾರಿಸಿದ್ದು ಹತ್ತಿ, ನಾರುಬಟ್ಟೆಗಳಿಗಾಗಿ. ಅದಕ್ಕೆ ಮುಂಚೆ ಯುರೋಪಿನವರು ಬಟ್ಟೆಯನ್ನು ಹುಲ್ಲುಗಾವಲಿನಲ್ಲಿ ತಿಂಗಳುಗಟ್ಟಲೆ ಹಾಸಿ ಬಿಸಿಲಿನಿಂದ ಬಿಳುಪೇರಿಸುತ್ತಿದ್ದರು. ನೈಲಾನಿಗೆ ಕ್ಲೋರಿನ್ ಒಗ್ಗದು. ಹಳದಿಯಾಗಿಸಿ ಎಳೆಯನ್ನು ಸಡಿಲಿಸುತ್ತದೆ. ಬಿಸಿಲೂ ಹತ್ತಿಯನ್ನು ಬೆಳ್ಳಗೆ ಮಾಡೀತು, ನೈಲಾನನ್ನು ಹಳದಿ ಮಾಡೀತು. ನೀರಿನಲ್ಲಿ ಕಬ್ಬಿಣದಂಶವಿದ್ದರೆ ಕ್ಲೋರಿನ್ ಅದನ್ನೂ ಕಂದಾಗಿಸಿ ಬಟ್ಟೆಗೆ ಹಚ್ಚುತ್ತದೆ. ಆದಕಾರಣ ಮನೆಯ ಜಾಲರಿಗೆ ‘ಆಕ್ಸಿಜನ್ ಬ್ಲೀಚ್’ ಎಂಬ ಹೆಸರಿನಲ್ಲಿ ದೊರೆಯುವ ಪುಡಿಯೇ ಲೇಸು. ನೀರಿಗೆ ಬಿದ್ದಾಗ ಅದು ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಸೋಡಾ ಆಗಿ ಒಡೆಯುತ್ತದೆ. ಬೆಚ್ಚನೆಯ ನೀರಿನಲ್ಲಿ ಒಂದೆರಡು ತಾಸು ನೆನೆಯಿಟ್ಟರೆ ಸಾಕು. ಕುದಿಯುವ ನೀರು ಕೃತಕ ನೂಲಿಗೆ ಬೇಡ. ಅದರಲ್ಲಿ ಬಿದ್ದ ಸುಕ್ಕು ಮತ್ತೆ ಹೋಗುವುದಿಲ್ಲ.

ಬ್ಲೀಚಿಂಗ್ ಪೌಡರನ್ನೇ ಬಳಸುವವರಿಗೆ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಅದರೊಡನೆ ಸಂಡಾಸು ತೊಳೆಯುವ ಆಸಿಡ್ಡಾಗಲಿ, ವಿನೆಗರ್ ಆಗಲಿ, ಮೇಲೆ ಹೇಳಿದ ನಿಂಬೆರಸವೇ ಆಗಲಿ ಬೆರೆಯಕೂಡದು. ಹೊರಡುವುದು ಕ್ಲೋರಿನ್ ಅನಿಲ. 1915ರ ಏಪ್ರಿಲ್ 22ರಂದು ಬೆಲ್ಜಿಯಮ್ಮಿನ ಈಪರ್ ರಣರಂಗದಲ್ಲಿ ಸೈನಿಕರ ಮೇಲೆ ಬಿಟ್ಟದ್ದು ಇದನ್ನೇ. ಬಾಗಿಲು ಮುಚ್ಚಿದ ಬಚ್ಚಲುಮನೆಯಲ್ಲಿ ಸ್ವಲ್ಪವೇ ಆದರೂ ಉಸಿರಿಗೆ ಕುತ್ತು. ಮೂಗು ಉರಿದೊಡನೆ ಎಲ್ಲವನ್ನೂ ಅಲ್ಲೇ ಬಿಟ್ಟು ಹೊರಗೆ ಬನ್ನಿರಿ.

ಕಡೆಗೆ ನೀಲಿ. ಬೆಳ್ಳಗೆ, ಬೆಳಕು, ಬೆಳ್ಳಿ ಈ ಮಾತುಗಳಿಗೆ ನಂಟುಂಟು. ಬಿಳುಪೆಂಬುದು ಬೆಳಕಿನ ವ್ಯವಹಾರವೇ. ಹಳದಿಯಾದ ಬಟ್ಟೆಯಿಂದ ಕಣ್ಣಿಗೆ ಬರುವ ಬೆಳಕಿನಲ್ಲಿ ನೀಲಿಯ ಪಾಲು ಕಡಿಮೆ. ನೀಲಿ ಹಾಕಿದಾಗ ಅದು ಹಳದಿಯ ಪಾಲನ್ನು ಹೀರಿ ಸರಿದೂಗಿಸುತ್ತದೆ, ಕೊಳೆ ತೆಗೆಯುವುದಿಲ್ಲ. ಮಾಸಿದ ಪರದೆಗೆ ನೀಲಿ ಹಾಕಿದರೆ ಬರುವುದು ಮೋಡದ ಬಣ್ಣ. ಚೊಂಬಿನಲ್ಲಿ ನಾಲ್ಕೈದು ಹನಿ ಕದಡಿ, ಆ ನೀರನ್ನು ಬಕೆಟ್ಟಿಗೆ ಬೆರೆಸಿ, ಪರದೆಯನ್ನು ಒಮ್ಮೆ ಅದ್ದಿ ತೆಗೆಯಿರಿ. ವರ್ಷಗಟ್ಟಲೆ ಬಿಸಿಲುಂಡು ಎಳೆಯೇ ಹಳದಿಯಾಗಿದ್ದರೆ ಯಾವ ಉಪಾಯವೂ ಸಾಗದು.

ಸೊಳ್ಳೆಪರದೆಗೆ ಇದಾವುದನ್ನೂ ಮಾಡಬೇಡಿರಿ. ಔಷಧ ಲೇಪಿಸಿದ್ದಾದರೆ ತಣ್ಣೀರು, ಸೌಮ್ಯವಾದ ಸಾಬೂನು, ನೆರಳು ಇಷ್ಟೇ ಸಾಕು. ಒಗೆದ ನೀರನ್ನು ಕೆರೆ ಹಳ್ಳಕ್ಕೆ ಚೆಲ್ಲದಿರಿ, ಮೀನು ಸಾಯುತ್ತವೆ.

ಕಿಟಕಿಯ ಜಾಲರಿಯನ್ನಂತೂ ಒಣಗಿಸುವ ಗೋಜಿಲ್ಲ. ನೀರು ಸೋರಿದ ಮೇಲೆ ಹಸಿಯಾಗಿಯೇ ಸರಳಿಗೇರಿಸಿದರೆ ತನ್ನ ಭಾರಕ್ಕೆ ತಾನೇ ನೆಟ್ಟಗಾಗುತ್ತದೆ, ಇಸ್ತ್ರಿ ಬೇಡ. ಸರಳನ್ನೂ ಕಿಟಕಿಯ ಚೌಕಟ್ಟನ್ನೂ ಮೊದಲು ಒರೆಸಿಡಿರಿ, ಕೆಳಗೊಂದು ಗೋಣಿತಟ್ಟು ಹಾಸಿರಿ.