ಒಂದು ಕ್ಯಾಮೆರಾ, ಒಂದೇ ಲೆನ್ಸು: ಹೊಲಕ್ಕೆ ಎಷ್ಟು ಉಪಯೋಗ?

ನಮ್ಮೂರಲ್ಲಿ ನಾಟಿ ಬೀಜ ಉಳಿಸಿಕೊಂಡಿರುವ 14 ಮನೆಯವರು ಸೇರಿ ಒಂದು ಗುಂಪು ಮಾಡಿಕೊಂಡಿದ್ದೇವೆ. ನವಣೆ, ಸಾವೆ, ಸಜ್ಜೆ, ತೊಗರಿ, ಅವರೆ ಎಲ್ಲಾ ಇದೆ. ಹೂವು ಹೇಗಿತ್ತು, ತೆನೆ ಹೇಗಿತ್ತು ಎಂಬುದಕ್ಕೆ ದಾಖಲೆ ಇಲ್ಲ. ಹಿರಿಯರು ಹೋದರೆ ಗುರುತೂ ಹೋಯಿತು. ಅದಕ್ಕೆ ಗುಂಪಿನ ದುಡ್ಡಲ್ಲಿ ಒಳ್ಳೆ ಕ್ಯಾಮೆರಾ ತರೋಣ ಅಂತ ಕೆಲವರು, ಫೋನ್ ಇದೆಯಲ್ಲ ಸಾಕು ಅಂತ ಕೆಲವರು. ತಿಂಗಳಿಗೆ ಮನೆಗೆ 100 ರೂಪಾಯಿಯಂತೆ ಕೂಡಿಟ್ಟ ಹಣ. ಸುಮ್ಮನೆ ಕಳೆಯುವಂಥದ್ದಲ್ಲ.

ನನ್ನ ತಮ್ಮನ ಮಗ ಮದುವೆ ಫೋಟೋ ತೆಗೆಯುವವನು. ಅವನಲ್ಲಿದ್ದ ಸೋನಿ ಆಲ್ಫಾ 6400 ಕ್ಯಾಮೆರಾ ಮತ್ತು 18-135 ಮಿ.ಮೀ. ಜೂಮ್ ಲೆನ್ಸನ್ನು ಕೆಲಸವಿಲ್ಲದ ದಿನಗಳಲ್ಲಿ ಇಸಕೊಂಡು, ತೊಗರಿ ಹೂವಿನಿಂದ ಕೊಯ್ಲಿನ ತನಕ ಹೊಲದಲ್ಲಿ ಬಳಸಿ ನೋಡಿದೆ. ಕಂಡದ್ದನ್ನು ಬರೆಯುತ್ತಿದ್ದೇನೆ. ಬೇರೆ ಕಂಪನಿಯ ಇಂಥದೇ ಕ್ಯಾಮೆರಾಕ್ಕೂ ಇದರಲ್ಲಿ ಬಹುಪಾಲು ಅನ್ವಯಿಸುತ್ತದೆ.

ಕನ್ನಡಿ ಇಲ್ಲದ ಕ್ಯಾಮೆರಾ ಎಂದರೇನು?

ಹಿಂದಿನ ದೊಡ್ಡ ಕ್ಯಾಮೆರಾಗಳಲ್ಲಿ ಲೆನ್ಸಿನ ಹಿಂದೆ ಒಂದು ಓರೆ ಕನ್ನಡಿ. ಬೆಳಕು ಅದಕ್ಕೆ ಬಡಿದು ಮೇಲಿನ ಕಿಂಡಿಗೆ ಬರುತ್ತಿತ್ತು. ಗುಂಡಿ ಒತ್ತಿದಾಗ ಕನ್ನಡಿ ಮೇಲೆದ್ದು ಫೋಟೋ ಆಗುತ್ತಿತ್ತು. ಈಗಿನದರಲ್ಲಿ ಕನ್ನಡಿಯೇ ಇಲ್ಲ. ಬೆಳಕು ನೇರವಾಗಿ ಸೆನ್ಸರ್ ಮೇಲೆ ಬಿದ್ದು, ಕಿಂಡಿಯೊಳಗಿನ ಪುಟ್ಟ ಪರದೆಯಲ್ಲಿ ಚಿತ್ರ ಕಾಣುತ್ತದೆ. ಇಂಥ ಕ್ಯಾಮೆರಾ 2008ರಲ್ಲಿ ಮೊದಲು ಪೇಟೆಗೆ ಬಂತು. ನಾನು ಬಳಸಿದ ಮಾದರಿ 2019ರದ್ದು. ಬ್ಯಾಟರಿ ಸೇರಿ ತೂಕ 403 ಗ್ರಾಂ, ಲೆನ್ಸು 325 ಗ್ರಾಂ. ಎರಡೂ ಸೇರಿ ಮುಕ್ಕಾಲು ಕೇಜಿಯೊಳಗೆ. ಹೆಗಲಿಗೆ ಹಾಕಿಕೊಂಡು ಬದು ಸುತ್ತಬಹುದು.

ಈ ಕಿಂಡಿ ನಮಗೆ ದೊಡ್ಡ ಅನುಕೂಲ. ಮಟಮಟ ಮಧ್ಯಾಹ್ನ ಫೋನಿನ ಪರದೆ ಕಾಣುವುದೇ ಇಲ್ಲ, ಅಂದಾಜಿನ ಮೇಲೆ ಒತ್ತಬೇಕು. ಕಿಂಡಿಗೆ ಕಣ್ಣಿಟ್ಟರೆ ಬಿಸಿಲಿನ ಕಾಟವಿಲ್ಲ. ಪಕ್ಕದ ಸಣ್ಣ ಚಕ್ರ ತಿರುಗಿಸಿ ನಮ್ಮ ದೃಷ್ಟಿಗೆ ಹೊಂದಿಸಿಕೊಂಡರೆ ಚಾಳೀಸು ತೆಗೆದೇ ನೋಡಬಹುದು.

ಸೆನ್ಸರ್ ಎಂಬ ಕಣ

ಫೋಟೋ ಬೆಳೆಯುವ ಕಣವೇ ಸೆನ್ಸರ್. ಇದರಲ್ಲಿ ಅದು 23.5 ಮಿ.ಮೀ. ಉದ್ದ, 15.6 ಮಿ.ಮೀ. ಅಗಲ, ಸಣ್ಣ ಅಂಚೆಚೀಟಿಯಷ್ಟು. ಸಾಮಾನ್ಯ ಫೋನಿನದು ಇದರ ಹತ್ತನೇ ಒಂದು ಭಾಗದ ಆಸುಪಾಸು. ಮಳೆಗೆ ಚೊಂಬು ಇಡುವುದಕ್ಕೂ ಕೊಪ್ಪರಿಗೆ ಇಡುವುದಕ್ಕೂ ಇರುವ ವ್ಯತ್ಯಾಸ ಇದೇ. ಹೊತ್ತು ಮುಳುಗುವಾಗ ಫೋನಿನ ಚಿತ್ರ ಮಸುಕಾದರೂ ಇದರಲ್ಲಿ ಎಲೆಯ ನರ ಕಾಣುತ್ತದೆ.

ಆದರೆ ದೊಡ್ಡ ಸೆನ್ಸರಿಗೆ ಒಂದು ಗುಣ ಇದೆ. ಹತ್ತಿರದಿಂದ ತೆಗೆದರೆ ತೆನೆಯ ಮುಂದಿನ ಕಾಳು ಸ್ಪಷ್ಟ, ಹಿಂದಿನದು ಮಸುಕು. ಫೋನಿನಲ್ಲಿ ಹೆಚ್ಚುಕಡಿಮೆ ಎಲ್ಲಾ ಸ್ಪಷ್ಟ. ಬೀಜದ ದಾಖಲೆಗೆ ಪೂರ್ತಿ ತೆನೆ ಕಾಣಬೇಕಲ್ಲ! ಆಗ ಲೆನ್ಸಿನ ಕಿಂಡಿಯನ್ನು ಕಿರಿದು ಮಾಡಬೇಕು. ಎಫ್ 11 ಇಟ್ಟಾಗ ಕೆಲಸ ಆಯಿತು.

ಎಫ್ ಅಂದರೆ ಕೆರೆ ತೂಬಿನ ಅಳತೆ ಇದ್ದಂತೆ. ಅಂಕಿ ದೊಡ್ಡದಾದಷ್ಟು ತೂಬು ಕಿರಿದು. ತೂಬು ಎಷ್ಟು ಹೊತ್ತು ತೆರೆದಿತ್ತು ಎಂಬುದೇ ಶಟರ್ ವೇಗ. ತೂಬು ಕಿರಿದಾದರೆ ಹೆಚ್ಚು ಹೊತ್ತು ತೆರೆಯಬೇಕು. ಆ ಹೊತ್ತಲ್ಲಿ ಗಿಡ ಅಲ್ಲಾಡಿದರೆ ಚಿತ್ರ ಕೆಟ್ಟಿತು.

ಎಲ್ಲಕ್ಕೂ ಒಂದೇ ಲೆನ್ಸು

18ರಲ್ಲಿ ಅಗಲ ನೋಟ, 135ರಲ್ಲಿ ದೂರದ ನೋಟ. ಲೆಕ್ಕ ಹೀಗಿದೆ: 20 ಮೀಟರ್ ದೂರದಲ್ಲಿ ನಿಂತರೆ 18ರಲ್ಲಿ ಸುಮಾರು 26 ಮೀಟರ್ ಅಗಲ ಚಿತ್ರದೊಳಗೆ ಬರುತ್ತದೆ. 21 ಮೀಟರ್ ಅಗಲದ ಕೃಷಿ ಹೊಂಡ ಪೂರ್ತಿ ಹಿಡಿಸಿತು. ಅಲ್ಲೇ ನಿಂತು 135ಕ್ಕೆ ತಿರುಗಿಸಿದರೆ ಮೂರೂವರೆ ಮೀಟರ್ ಮಾತ್ರ. ನವಿಲು ಚೆನ್ನಾಗಿ ಬರುತ್ತದೆ. ಸಜ್ಜೆ ತೆನೆ ಮೇಲಿನ ಗೀಜಗ ಮಾತ್ರ ಚುಕ್ಕಿಯಷ್ಟೇ. ಹಕ್ಕಿ ಚಿತ್ರಕ್ಕೆ ಈ ಲೆನ್ಸು ಸಾಲದು.

ಹತ್ತಿರಕ್ಕೆ ಬಂದರೆ 45 ಸೆಂ.ಮೀ. ತನಕ, ಅಂದರೆ ಒಂದೂವರೆ ಅಡಿ. ಆಗ ಚಿತ್ರದ ಅಗಲಕ್ಕೆ ಸುಮಾರು 8 ಸೆಂ.ಮೀ. ಜಾಗ ತುಂಬುತ್ತದೆ. ತೊಗರಿ ಕಾಯಿ ಅಚ್ಚುಕಟ್ಟಾಗಿ ಕೂರುತ್ತದೆ. ಬಲಿತ ಕಾಯಿಕೊರಕ ಹುಳ ಅರ್ಧ ಚಿತ್ರ ತುಂಬುತ್ತದೆ. ಆದರೆ ಅದರ ಮೊಟ್ಟೆ ಅರ್ಧ ಮಿ.ಮೀ. ಮಾತ್ರ. ಇದೆ ಅಂತ ಗೊತ್ತಾಗುತ್ತದೆ, ಮೈಮೇಲಿನ ಗೆರೆ ಕಾಣುವುದಿಲ್ಲ. ಮೊಟ್ಟೆ ನೋಡಲು ಫೋನಿನ ಮುಂದೆ ಭೂತಗನ್ನಡಿ ಹಿಡಿಯುವುದೇ ಸುಲಭ.

18ರಲ್ಲಿ ತೂಬು ಎಫ್ 3.5 ತನಕ ತೆರೆಯುತ್ತದೆ, 135ರಲ್ಲಿ 5.6 ತನಕ ಮಾತ್ರ. ಬೆಳಕು ಎರಡೂವರೆ ಪಟ್ಟು ಕಡಿಮೆ ಆಯಿತು. ಎಲ್ಲಾ ಮಾಡುವ ಜೂಮಿನ ಕೊರತೆ ಇದು. ಕೈ ನಡುಗುವುದನ್ನು ತಡೆಯುವ ಏರ್ಪಾಡು ಲೆನ್ಸಿನಲ್ಲಿದೆ, ಕ್ಯಾಮೆರಾದಲ್ಲಿಲ್ಲ. ಆದರೆ ನಮ್ಮ ಕಡೆ ನಡುಗುವುದು ಕೈಯಲ್ಲ, ಗಿಡ! ಗಾಳಿಗೆ ಯಾವ ಲೆನ್ಸೂ ಔಷಧಿಯಲ್ಲ. ವೇಗ 500ಕ್ಕೆ ಒಂದು ಸೆಕೆಂಡು ಇಡಬೇಕು, ಇಲ್ಲವೇ ಬೆಳಿಗ್ಗೆ ಎಂಟರೊಳಗೆ ಗಾಳಿ ಏಳುವ ಮುಂಚೆ ಹೋಗಬೇಕು. ಎರಡನೆಯದೇ ಮೇಲು.

ಧೂಳಿನ ವಿಚಾರ

ಕನ್ನಡಿ ಇಲ್ಲದ ಕ್ಯಾಮೆರಾದಲ್ಲಿ ಲೆನ್ಸು ಬಿಚ್ಚಿದರೆ ಸೆನ್ಸರ್ ಬರಿಮೈ. ಬಯಲು ಸೀಮೆಯ ಗಾಳಿಯಲ್ಲಿ ಒಂದು ಕಣ ಕೂತರೂ ಪ್ರತಿ ಚಿತ್ರದಲ್ಲೂ ಕಪ್ಪು ಚುಕ್ಕಿ. ಒಂದೇ ಲೆನ್ಸಿನ ಬೆಲೆ ಇಲ್ಲೇ ಗೊತ್ತಾಗುವುದು. ಹೊಲದಲ್ಲಿ ಬಿಚ್ಚುವ ಪ್ರಮೇಯವೇ ಬರುವುದಿಲ್ಲ. ಜೂಮ್ ತಿರುಗಿಸಿದಾಗ ಲೆನ್ಸು ಮುಂದಕ್ಕೆ ಚಾಚಿ ಗಾಳಿ ಎಳೆದುಕೊಳ್ಳುತ್ತದೆ ಎಂಬುದನ್ನೂ ಮರೆಯಬಾರದು. ರಾಶಿ ತೂರುವ ಕಡೆ ತೆಗೆಯಬಾರದು, ತೆಗೆದರೂ ದೂರದಿಂದ, ಗಾಳಿ ಬರುವ ದಿಕ್ಕಿನಲ್ಲಿ ನಿಂತು.

ಬ್ಯಾಟರಿ ಒಂದು ಚಾರ್ಜಿಗೆ ಸುಮಾರು 400 ಚಿತ್ರ ಎಂದು ಕಂಪನಿ ಲೆಕ್ಕ. ಫೋನಿಗೆ ಬಳಸುವ ಪವರ್ ಬ್ಯಾಂಕಿನಿಂದಲೇ ಚಾರ್ಜ್ ಆಗುತ್ತದೆ, ಕರೆಂಟ್ ಪಾಳಿ ಕಾಯಬೇಕಿಲ್ಲ.

ಫೋನ್ ಎಲ್ಲಿ ಗೆಲ್ಲುತ್ತದೆ?

ಬೆಳೆ ಸಮೀಕ್ಷೆ ಆ್ಯಪ್‌ಗೆ ಹೊಲದಲ್ಲಿ ನಿಂತು ಫೋನಿನಲ್ಲೇ ಫೋಟೋ ತೆಗೆಯಬೇಕು. ಲಕ್ಷದ ಕ್ಯಾಮೆರಾ ಅಲ್ಲಿ ನಡೆಯುವುದಿಲ್ಲ. ಫಸಲ್ ಬಿಮಾದಲ್ಲಿ ಆಲಿಕಲ್ಲಿನಂಥ ಹಾನಿಯನ್ನು 72 ಗಂಟೆಯೊಳಗೆ ತಿಳಿಸಬೇಕು. ಆಗ ಜೇಬಿನಲ್ಲಿರುವುದೇ ಒಳ್ಳೆ ಕ್ಯಾಮೆರಾ.

ಪತ್ರಿಕೆಯಲ್ಲಿ ಅಚ್ಚಾಗಲು ಇಂಚಿಗೆ 300 ಚುಕ್ಕಿ ಬೇಕು. ಏಳು ಇಂಚಿನ ಚಿತ್ರಕ್ಕೆ 2100 ಚುಕ್ಕಿ. 12 ಮೆಗಾಪಿಕ್ಸೆಲ್ ಫೋನಿನಲ್ಲಿ 4000 ಇರುತ್ತದೆ, ಕ್ಯಾಮೆರಾದಲ್ಲಿ 6000. ಅಂದರೆ ಫೋನೇ ಸಾಕು. ಕೆಡುವುದು ಕಳಿಸುವಾಗ. ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿದರೆ ಅದು ಕುಗ್ಗಿಸುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಇದ್ದ ಹಾಗೇ ಹೋಗುತ್ತದೆ.

ಗುಂಪಿನ ಸಭೆಯಲ್ಲಿ ಒಂದೇ ನವಣೆ ತೆನೆಯ ಎರಡೆರಡು ಚಿತ್ರ ತೋರಿಸಿ, ಯಾವುದು ಯಾವುದರಲ್ಲಿ ತೆಗೆದದ್ದು ಎಂದು ಕೇಳಿದೆ. ಒಳ್ಳೆ ಬೆಳಕಲ್ಲಿ ಕೈಯಲ್ಲಿ ಹಿಡಿದ ತೆನೆಯಲ್ಲಿ ಹೆಚ್ಚಿನವರಿಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಸಂಜೆಯ ಮತ್ತು ದೂರದ ಚಿತ್ರದಲ್ಲಿ ಎಲ್ಲರೂ ಕ್ಯಾಮೆರಾದ್ದನ್ನು ಸರಿಯಾಗಿ ಆರಿಸಿದರು. "ತೆನೆ ಕೈಗೇ ಸಿಗ್ತದಲ್ಲಪ್ಪ, ದೂರದಿಂದ ಯಾಕೆ ಹೊಡೀಬೇಕು?" ಅಂದರು ನಮ್ಮ ಹಿರಿಯಕ್ಕ ಒಬ್ಬರು. ಮಾತು ಸರಿಯೇ.

ಲೆಕ್ಕಾಚಾರ

ಹೊಸದಾಗಿ ಕೊಂಡರೆ ಎರಡೂ ಸೇರಿ ಲಕ್ಷ ರೂಪಾಯಿ ಆಸುಪಾಸು. ನಮ್ಮ ಗುಂಪಿನ ಉಳಿತಾಯ ತಿಂಗಳಿಗೆ 1400. ಸುಮಾರು ಆರು ವರ್ಷದ ದುಡ್ಡು! ವರ್ಷಕ್ಕೆ ಕೆಲಸ ಇರುವುದು ಹೂವು, ತೆನೆ, ಕೊಯ್ಲಿನ ಹತ್ತಾರು ದಿನ.

ಹಾಗಾಗಿ ನಾವು ಕೊಳ್ಳಲಿಲ್ಲ. ತೆನೆ, ಕಾಳುಗಳನ್ನು ಫೋನಿನಲ್ಲೇ ತೆಗೆಯುವುದು, ಪಕ್ಕದಲ್ಲಿ ಅಳತೆಪಟ್ಟಿ ಮತ್ತು ತಳಿ ಹೆಸರು, ತಾರೀಖು ಬರೆದ ಚೀಟಿ ಇಡುವುದು, ಹಿಂದೆ ಕಪ್ಪು ಕಂಬಳಿ ಹಿಡಿಯುವುದು ಎಂದಾಯಿತು. ಇಡೀ ಹೊಲದ ನೋಟ, ಹೊಂಡ, ಸಂಜೆಯ ಕೆಲಸಕ್ಕೆ ವರ್ಷಕ್ಕೆರಡು ಸಲ ಕ್ಯಾಮೆರಾ ಬಾಡಿಗೆಗೆ ತರುವುದು. ಉಳಿದ ದುಡ್ಡಿಗೆ ಬೀಜ ತುಂಬಲು ಮುಚ್ಚಳದ ಡ್ರಮ್ಮುಗಳು.

ಬೀಜಮೇಳ, ನಾಟಕ, ಸಾಕ್ಷ್ಯಚಿತ್ರ ಅಂತ ವರ್ಷಪೂರ್ತಿ ಕೆಲಸ ಇರುವ ದೊಡ್ಡ ಸಂಘಗಳಿಗೆ ಈ ಜೋಡಿ ಒಳ್ಳೆಯದೇ. ಹಳೆಯದನ್ನು ಕೊಳ್ಳುವವರು ಲೆನ್ಸನ್ನು ಬೆಳಕಿಗೆ ಹಿಡಿದು ಒಳಗೆ ಬೂಷ್ಟು ಎಳೆ ಇದೆಯೇ ನೋಡಿ. ಬಿಳಿ ಗೋಡೆಯನ್ನು ಎಫ್ 16ರಲ್ಲಿ ಒಂದು ಚಿತ್ರ ತೆಗೆದರೆ ಸೆನ್ಸರಿನ ಧೂಳೂ ಗೊತ್ತಾಗುತ್ತದೆ. ಯಾವುದರಲ್ಲೇ ತೆಗೆಯಿರಿ, ಚೀಟಿ ಇಲ್ಲದ ತೆನೆಯ ಚಿತ್ರ ಹತ್ತು ವರ್ಷದ ಮೇಲೆ ಯಾರಿಗೂ ಉಪಯೋಗವಿಲ್ಲ.