ಒಂದೇ ಬಾವಿ, ಹಲವು ಕೊಡ

ಹೊಸ ಚಿತ್ರವೊಂದನ್ನು ನೋಡಿ ಮನೆಗೆ ಬಂದೊಡನೆ, “ಇದು ಆ ಹಳೆಯ ಚಿತ್ರದ ನಕಲು” ಎಂದು ತೀರ್ಪು ಕೊಡುವವರು ಮನೆಗೊಬ್ಬರಾದರೂ ಇರುತ್ತಾರೆ. ಆ ತೀರ್ಪು ಕೆಲವು ವೇಳೆ ಸರಿ. ಅನೇಕ ವೇಳೆ ಅವಸರದ್ದು. ಒಂದು ಚಿತ್ರದಿಂದ ಇನ್ನೊಂದು ಹುಟ್ಟುವ ಬಗೆ ಎಂಥದು, ಅದರಲ್ಲಿ ಋಣವೆಷ್ಟು, ಕಳವೆಷ್ಟು ಎಂಬುದನ್ನು ತಾವೂ ನನ್ನೊಡನೆ ತುಸು ವಿಚಾರಿಸಿ ನೋಡಬೇಕು.

ಈ ಪ್ರಶ್ನೆ ಕನ್ನಡಕ್ಕೆ ಹೊಸದಲ್ಲ. ಪಂಪಭಾರತದ 13ನೆಯ ಆಶ್ವಾಸದಲ್ಲಿ ಬರುವ ಪ್ರಸಂಗವನ್ನು ಎತ್ತಿಕೊಂಡು ರನ್ನನು ಗದಾಯುದ್ಧವೆಂಬ ಇಡೀ ಕಾವ್ಯವನ್ನೇ ಬೆಳೆಸಿದನು. ಇದಕ್ಕಾಗಿ ಅವನನ್ನು ಆಕ್ಷೇಪಿಸಿದ ವಿಮರ್ಶಕರೂ ಉಂಟು. ಆದರೂ ಆ ಕಾವ್ಯ ಸಾವಿರ ವರ್ಷ ಬಾಳಿದೆ. ಕಥೆ ಪಂಪನಿಂದ ಬಂದುದಾದರೂ ಅಲ್ಲಿ ಅಳುವ, ಸಿಡಿಯುವ ದುರ್ಯೋಧನನು ರನ್ನನವನೇ. ಪೀಣ್ಯದ ಕಾರ್ಖಾನೆಗಳನ್ನು ಬಲ್ಲವರಿಗೆ ಈ ಭೇದ ಬೇಗ ತಿಳಿದೀತು. ಅಚ್ಚಿನಿಂದ ಬಂದ ಬಿಡಿಭಾಗಗಳು ಒಂದರಂತೆ ಒಂದು. ಹಿರಿಯ ಕೆಲಸಗಾರನ ಪಕ್ಕದಲ್ಲಿ ನಿಂತು ಲೇತ್ ಕಲಿತ ಹುಡುಗನಾದರೋ ಗುರುವಿನ ಕೈಯ ಹದವನ್ನು ಪಡೆದು ಬೇರೊಂದು ವಸ್ತುವನ್ನು ಮಾಡುತ್ತಾನೆ.

ಚಲಚ್ಚಿತ್ರದಲ್ಲಿ ಇಂಥ ಪರಂಪರೆಯನ್ನು ಕಾಣಬೇಕಾದರೆ ಜಪಾನಿನ ಅಕಿರಾ ಕುರೊಸಾವರ ‘ಸೆವೆನ್ ಸಮುರಾಯ್’ (1954) ಚಿತ್ರವನ್ನು ನೋಡಬೇಕು. ದರೋಡೆಕೋರರ ಹಾವಳಿಗೆ ಸಿಕ್ಕಿದ ಬಡ ರೈತರು, ಒಡೆಯನಿಲ್ಲದ ಏಳು ಮಂದಿ ಯೋಧರನ್ನು ಬರಿಯ ಅನ್ನದ ಕೂಲಿಗೆ ಕರೆತರುತ್ತಾರೆ. ಊರು ಉಳಿಯುತ್ತದೆ, ಏಳರಲ್ಲಿ ನಾಲ್ವರು ಮಡಿಯುತ್ತಾರೆ. ಈ ಕುರೊಸಾವರು ಅಮೆರಿಕದ ಜಾನ್ ಫೋರ್ಡರನ್ನು ಬಹುವಾಗಿ ಮೆಚ್ಚಿದವರು. 1960ರಲ್ಲಿ ಅದೇ ಅಮೆರಿಕ ಜಪಾನಿನ ಈ ಕಥೆಯನ್ನು ‘ದಿ ಮ್ಯಾಗ್ನಿಫಿಸೆಂಟ್ ಸೆವೆನ್’ ಎಂದು ತನ್ನದಾಗಿಸಿಕೊಂಡಿತು. ಕೊಟ್ಟ ಮನೆಗೇ ಸಾಲ ಬಡ್ಡಿಸಮೇತ ಮರಳಿದಂತಾಯಿತು.

ಎಲ್ಲರೂ ಇಷ್ಟು ನೇರವಾಗಿ ನಡೆದುಕೊಳ್ಳಲಿಲ್ಲ. ಇಟಲಿಯ ಸೆರ್ಜಿಯೊ ಲಿಯೋನೆ, ಕುರೊಸಾವರ ‘ಯೋಜಿಂಬೊ’ (1961) ಚಿತ್ರದ ಕಥೆಯನ್ನು ಅನುಮತಿಯಿಲ್ಲದೆ 1964ರ ತಮ್ಮ ‘ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್’ ಚಿತ್ರಕ್ಕೆ ಬಳಸಿಕೊಂಡರು. ವ್ಯಾಜ್ಯ ನಡೆದು, ಕಡೆಗೆ ಆದಾಯದಲ್ಲಿ ಶೇಕಡಾ 15 ಭಾಗವನ್ನು ಜಪಾನಿನವರಿಗೆ ಕೊಡಬೇಕಾಯಿತು. ಚಿತ್ರ ಚೆನ್ನಾಗಿದ್ದ ಮಾತ್ರಕ್ಕೆ ಋಣ ತೀರುವುದಿಲ್ಲವಷ್ಟೆ!

ಆ ಬಾವಿಯ ನೀರು ನಮ್ಮ ಬಾಗಿಲಿಗೂ ಬಂದಿತು. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯಲ್ಲಿ, ರಾಮನಗರದ ಬಂಡೆಬೆಟ್ಟಗಳ ನಡುವೆ, ರಮೇಶ್ ಸಿಪ್ಪಿಯವರು ‘ಶೋಲೆ’ (1975) ಚಿತ್ರಕ್ಕಾಗಿ ಒಂದು ಹಳ್ಳಿಯನ್ನೇ ಕಟ್ಟಿಸಿದರು. ಕೂಲಿಗೆ ಬಂದ ಹೊರಗಿನವರು ಊರನ್ನು ಕಾಯುವುದು ಕುರೊಸಾವರ ಬೀಜ. ಆದರೆ ಜಪಾನಿನಲ್ಲಿ ಯೋಧರನ್ನು ಕರೆದುದು ಇಡೀ ಊರು. ಇಲ್ಲಿ ಕರೆದವನು ತೋಳುಗಳನ್ನು ಕಳೆದುಕೊಂಡ ಒಬ್ಬ ಠಾಕೂರ. ಊರಿನ ಕಷ್ಟದ ಕಥೆ ಒಬ್ಬನ ಸೇಡಿನ ಕಥೆಯಾಯಿತು. ಬೀಜ ಒಂದೇ, ಬೆಳೆ ಬೇರೆ.

ಮೂರು ವರ್ಷಗಳ ಬಳಿಕ, 1978ರಲ್ಲಿ, ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ ತೆರೆಗೆ ಬಂದಿತು. ಅದು ಕುರೊಸಾವರಿಗೆ ತಾವು ಸಲ್ಲಿಸಿದ ಗೌರವವೆಂದು ಕಾರ್ನಾಡರು ಮುಚ್ಚುಮರೆಯಿಲ್ಲದೆ ಹೇಳಿದರು. ಕಥೆ ನಡೆಯುವುದು ಹೊಯ್ಸಳರ ಕಾಲದಲ್ಲಿ. ದಾಯಾದಿ ಕಲಹ, ಎದುರುಬದುರು ಪಾಳೆಯದಲ್ಲಿ ಇಬ್ಬರು ವೀರರು. ಗಂಡುಗಲಿಯ ಪಾತ್ರ ಶಂಕರ್ ನಾಗರದು, ಪೆರ್ಮಾಡಿಯ ಪಾತ್ರ ಸುಂದರಕೃಷ್ಣ ಅರಸರದು. ಜಪಾನಿನಿಂದ ಬಂದ ಈ ಕೂಲಿಯೋಧ ನಮಗೆ ಪರಕೀಯನೆನಿಸುವುದಿಲ್ಲ. ಏಕೆ? ಉಂಡ ಅನ್ನದ ಋಣಕ್ಕಾಗಿ ಒಡೆಯನ ಪರವಾಗಿ ಪ್ರಾಣ ಕೊಡುವುದಕ್ಕೆ ಹಳಗನ್ನಡದಲ್ಲಿ ‘ಜೋಳವಾಳಿ’ ಎಂಬ ಮಾತೇ ಇದೆ. ಎಲೆಕ್ಟ್ರಾನಿಕ್ ಸಿಟಿಗೆ ಸಮೀಪದ ಬೇಗೂರಿಗೆ ಹೋದರೆ, ಬೆಂಗಳೂರಿನ ಕಾಳಗವನ್ನು ಹೆಸರಿಸುವ ಸುಮಾರು 1100 ವರ್ಷ ಹಿಂದಿನ ವೀರಗಲ್ಲಿನ ಶಾಸನವನ್ನು ಕಾಣಬಹುದು. ಅಂಥ ಮಣ್ಣಿನಲ್ಲಿ ಹೊರಗಿನ ಬೀಜ ಊರಿನದೇ ಗಿಡವಾಗುವುದು ಸಹಜ.

ಈ ಪರಂಪರೆ ಅಲ್ಲಿಗೆ ನಿಲ್ಲಲಿಲ್ಲ. ಒಂದೇ ಘಟನೆಯನ್ನು ಹಲವರ ಬಾಯಲ್ಲಿ ಹೇಳಿಸುವ ರೀತಿಯನ್ನು ಕುರೊಸಾವರ ‘ರಾಶೊಮೊನ್’ (1950) ಜಗತ್ತಿಗೆ ಪರಿಚಯಿಸಿತು. 2014ರಲ್ಲಿ ರಕ್ಷಿತ್ ಶೆಟ್ಟಿಯವರ ‘ಉಳಿದವರು ಕಂಡಂತೆ’ ಅದೇ ರೀತಿಯನ್ನು ನಮ್ಮ ಕರಾವಳಿಯ ಹುಲಿವೇಷದ ನಡುವೆ ನಿಲ್ಲಿಸಿತು.

ಎಲ್ಲವನ್ನೂ ನಕಲೆಂದು ತಳ್ಳಿದರೆ, ಹಿರಿಯರನ್ನು ನೋಡಿ ಕಲಿಯುವ ಎಳೆಯ ನಿರ್ದೇಶಕನ ಉತ್ಸಾಹ ಕುಂದುತ್ತದೆ. ಯಾವುದನ್ನೂ ಕೇಳದೆ ಬಿಟ್ಟರೆ, ಮೊದಲು ದುಡಿದವನ ಪಾಲು ಮುಳುಗುತ್ತದೆ. ಆದುದರಿಂದ ಮುಂದೆ ಇಂಥ ಚಿತ್ರವನ್ನು ನೋಡುವಾಗ ಮೂರು ಪ್ರಶ್ನೆ ಹಾಕಿಕೊಳ್ಳಿ. ತೆಗೆದುಕೊಂಡದ್ದನ್ನು ಒಪ್ಪಿಕೊಂಡಿದ್ದಾರೆಯೆ? ಸಲ್ಲಬೇಕಾದವರಿಗೆ ಸಲ್ಲಿಸಿದ್ದಾರೆಯೆ? ಮೂಲದಲ್ಲಿ ಇಲ್ಲದ ಏನನ್ನಾದರೂ ಸೇರಿಸಿದ್ದಾರೆಯೆ? ಬಿಡುವಿದ್ದಾಗ ಕುರೊಸಾವರ ಚಿತ್ರವನ್ನೂ ಕಾರ್ನಾಡರ ಚಿತ್ರವನ್ನೂ ಒಂದರ ಹಿಂದೆ ಒಂದು ನೋಡಿರಿ, ಮಕ್ಕಳನ್ನೂ ಕೂಡಿಸಿಕೊಳ್ಳಿರಿ. ತೀರ್ಪನ್ನು ಆ ಮೇಲೆ ಕೊಡಬಹುದು.