ನೀವೂ ಮಾಡಿ ನೋಡಿ: ಬೆಳಕಿನ ಲೆಕ್ಕದ ಚಿತ್ರ

ಸಂಜೆ ದೀಪ ಹಚ್ಚಿ, ಬೆಳಗಿದ ಹಿತ್ತಾಳೆ ತಂಬಿಗೆಯನ್ನು ಪಕ್ಕದಲ್ಲಿಟ್ಟು ಒಂದು ಗಳಿಗೆ ನೋಡಿದ್ದೀರಾ? ತಂಬಿಗೆಯ ಹೊಟ್ಟೆಯ ಮೇಲೆ ದೀಪದ ಕುಡಿ ಕಾಣುತ್ತದೆ, ಕಿಟಕಿ ಬಾಗಿ ಕಾಣುತ್ತದೆ, ನಿಮ್ಮ ಮುಖವಂತೂ ಕುಂಬಳಕಾಯಿಯಷ್ಟು ಅಗಲ! ದೀಪದ ಕಡೆಯ ಮಗ್ಗುಲು ಹೊಳೆಯುತ್ತದೆ, ಆಚೆಯದು ಕಪ್ಪು, ನೆಲದ ಮೇಲೆ ನೆರಳು. ಇದನ್ನೆಲ್ಲ ಕುಂಚ ಹಿಡಿಯದೆ, ಕ್ಯಾಮರಾ ಇಲ್ಲದೆ, ಬರೀ ಲೆಕ್ಕ ಮಾಡಿ ಕಂಪ್ಯೂಟರಿನಲ್ಲಿ ಮೂಡಿಸಬಹುದು ಎಂದರೆ ನಂಬುತ್ತೀರಾ? ನಾನಂತೂ ನಂಬಿರಲಿಲ್ಲ. ಇದಕ್ಕೆ ರೇ ಟ್ರೇಸಿಂಗ್ ಎಂದು ಹೆಸರು. ಕಿರಣದ ಜಾಡು ಹಿಡಿಯುವುದು ಎಂದಿಟ್ಟುಕೊಳ್ಳಿ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ 1998ರಲ್ಲಿ ಬೆಳಗಾವಿಯಲ್ಲಿ ನೆಲೆಯೂರಿತು. ಈಗ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಎಷ್ಟೋ ಮನೆಗಳ ಹೆಣ್ಣುಮಕ್ಕಳು ಇಂಜಿನಿಯರಿಂಗ್ ಓದುತ್ತಾರೆ. ನನ್ನ ಮಗಳೂ ಒಬ್ಬಳು. ದಸರಾ ಸೂಟಿಗೆ ಬಂದವಳು ಮೂರು ದಿನ ಮುಖ ಗಂಟು ಹಾಕಿಕೊಂಡು ಕೂತಿದ್ದು, ನಾಲ್ಕನೆಯ ದಿನ, "ಅವ್ವಾ, ನನಗ ಇದು ಒಗ್ಗೂದಿಲ್ಲ. ಕಾಲೇಜು ಬಿಟ್ಟ ಬಿಡ್ತೀನಿ" ಅಂದಳು. ಹಿರಿಯರ ಕಿವಿಗೆ ಇದು ಬಿದ್ದದ್ದೇ ತಡ, "ಛಲೋ ಆತು, ವರ ನೋಡೋಣ" ಅಂದರು. ನನಗೆ ಧಸಕ್ಕೆಂದಿತು. ನಾನೂ ಬಿ.ಎಸ್‌ಸಿ. ಮೊದಲ ವರ್ಷಕ್ಕೇ ಗಣಿತ ಬಿಟ್ಟು ಮದುವೆಯಾದವಳು. ಅಂದಿನಿಂದ ಹಾಲಿನವನ ಲೆಕ್ಕ ಬಿಟ್ಟರೆ ಬೇರೆ ಲೆಕ್ಕ ಕಂಡಿಲ್ಲ.

"ಏನದು ಒಗ್ಗದ್ದು, ತೋರಿಸು ನೋಡೋಣ" ಎಂದೆ. ತೋರಿಸಿದಳು. ನೋಡಿದರೆ ಹತ್ತನೆಯ ಇಯತ್ತೆಯ ವರ್ಗ ಸಮೀಕರಣ!

ಈಗ ನಿಮಗೂ ಹೇಳುತ್ತೇನೆ, ಕೈಯಲ್ಲಿ ಪೆನ್ಸಿಲ್ ಇರಲಿ. ಕಂಪ್ಯೂಟರಿನ ಚಿತ್ರವೆಂದರೆ ಚುಕ್ಕಿ ರಂಗೋಲಿ. ಅಡ್ಡಕ್ಕೆ 200, ಮೇಲಿಂದ ಕೆಳಕ್ಕೆ 100 ಚುಕ್ಕಿ ಇಟ್ಟರೆ 20,000 ಚುಕ್ಕಿ. ರಾಮದುರ್ಗದ ಮಗ್ಗದಲ್ಲಿ ಸೀರೆ ಇಳಿದಂತೆ ಒಂದೊಂದೇ ಸಾಲು ತುಂಬುತ್ತ ಹೋಗಬೇಕು. ಪ್ರತಿ ಚುಕ್ಕಿಯ ಮೂಲಕ ಕಣ್ಣಿನಿಂದ ಒಂದು ನೇರ ಗೆರೆ ಎಳೆದು, ಅದು ಯಾವುದಕ್ಕೆ ತಾಗುತ್ತದೆಂದು ಕೇಳಬೇಕು. ತಾಗಿದ್ದರ ಬಣ್ಣವೇ ಆ ಚುಕ್ಕಿಯ ಬಣ್ಣ.

ಬೆಳಕು ದೀಪದಿಂದ ಕಣ್ಣಿಗೆ ಬರುತ್ತದಲ್ಲ, ಇದೇನು ಉಲ್ಟಾ ಎನ್ನುವಿರಿ. ನಮ್ಮ ನ್ಯಾಯಶಾಸ್ತ್ರದವರು ಕಣ್ಣಿನ ತೇಜಸ್ಸೇ ಹೊರಟು ವಸ್ತುವನ್ನು ಮುಟ್ಟುತ್ತದೆ ಎನ್ನುತ್ತಿದ್ದರು. ಸಾವಿರ ವರ್ಷದ ಹಿಂದೆ ಬಸ್ರಾದ ಇಬ್ನ್ ಅಲ್-ಹೈಥಮ್ ಅದು ಸರಿಯಲ್ಲ, ಬೆಳಕೇ ಕಣ್ಣಿಗೆ ಬರುತ್ತದೆ ಎಂದು ತೋರಿಸಿದ. ಆದರೆ ದೀಪದಿಂದ ಹೊರಟ ಕಿರಣಗಳಲ್ಲಿ ನಮ್ಮ ಕಣ್ಣಿಗೆ ಬೀಳುವುದು ಎಲ್ಲೋ ಒಂದಿಷ್ಟು. ಉಳಿದವುಗಳ ಲೆಕ್ಕ ಮಾಡುವುದು ದಂಡ. ಹಾಗಾಗಿ ಕಂಪ್ಯೂಟರಿನವರು ಬೇಕಾದ ಕಿರಣವನ್ನಷ್ಟೇ ಹಿಂದಿನಿಂದ ಹಿಡಿಯುತ್ತಾರೆ. ಜಾಣತನ ಇಷ್ಟೇ.

ನಿಮ್ಮ ಕಣ್ಣಿನೆದುರು 5 ಗೇಣು ದೂರದಲ್ಲಿ ಒಂದು ಗುಂಡು ಕುಂಬಳಕಾಯಿ ಇದೆ ಅನ್ನಿ. ನಡುವಿನಿಂದ ಸಿಪ್ಪೆಗೆ 1 ಗೇಣು. ಗೆರೆ ನೇರ ಹೋದರೆ ಎಷ್ಟು ದೂರಕ್ಕೆ ತಾಗುತ್ತದೆ? ಆ ದೂರ 'ದ'. ತಾಗಿದ ಜಾಗದಿಂದ ಕಾಯಿಯ ನಡುವಿಗೆ 1 ಗೇಣೇ ಇರಬೇಕು. ಅಂದರೆ (ದ − 5)ರ ವರ್ಗ 1. ಬಿಡಿಸಿದರೆ ದ² − 10ದ + 24 = 0. ನಡುವಿನ 10ರ ವರ್ಗ 100. ಅದರಲ್ಲಿ 24ರ ನಾಲ್ಕು ಪಟ್ಟು, 96, ಕಳೆದರೆ 4 ಉಳಿಯಿತು. ಅದರ ವರ್ಗಮೂಲ 2. 10ಕ್ಕೆ 2 ಕೂಡಿಸಿ, ಇನ್ನೊಮ್ಮೆ ಕಳೆದು, ಅರ್ಧ ಮಾಡಿದರೆ 6 ಮತ್ತು 4. ಕಿರಣ ಹೊಕ್ಕದ್ದು 4 ಗೇಣಿಗೆ, ಹೊರಬಿದ್ದದ್ದು 6ಕ್ಕೆ. ಕಣ್ಣಿಗೆ ಕಾಣುವುದು ಹತ್ತಿರದ್ದೇ.

ಈಗ ಗೆರೆಯನ್ನು ಓರೆ ಮಾಡಿ: ಮುಂದೆ 2 ಗೇಣು ಹೋದರೆ ಬಲಕ್ಕೆ 1 ಗೇಣು. ಲೆಕ್ಕ 5ದ² − 20ದ + 24 = 0 ಆಗುತ್ತದೆ. 20ರ ವರ್ಗ 400. ಕಳೆಯಬೇಕಾದ್ದು 4 × 5 × 24, ಅಂದರೆ 480. ಉಳಿದದ್ದು −80! ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲೇ, ಸುಮಾರು 850ರಲ್ಲಿ, ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ದಲ್ಲಿ ಹೇಳಿದ್ದಾರೆ. (ನಮ್ಮ ಸವದತ್ತಿಯ ರಟ್ಟರು ಇದೇ ರಾಷ್ಟ್ರಕೂಟರ ಸಾಮಂತರು.) ವರ್ಗಮೂಲವಿಲ್ಲ ಎಂದರೆ ಕಿರಣ ಕುಂಬಳಕಾಯಿಯನ್ನು ತಾಗಲೇ ಇಲ್ಲ, ಪಕ್ಕದಲ್ಲಿ ಹಾದುಹೋಯಿತು. ಆ ಚುಕ್ಕಿಗೆ ಆಕಾಶದ ಬಣ್ಣ ಹಾಕಿ. ಇದನ್ನು ಹೇಳಿದಾಗ ಮಗಳು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದಳು. ಸೂತ್ರ ಬಾಯಿಪಾಠ ಮಾಡಿದ್ದಳೇ ಹೊರತು, ಋಣ ಬಂದರೆ ಕಣ್ಣಿಗೆ ಏನು ಕಾಣಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಮುಂದಿನದು ಬೆಳಕು. ಮಾಳಿಗೆಯ ಮೇಲೆ ಹಪ್ಪಳ ಒಣಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಿಸಿಲು ನೆತ್ತಿಯ ಮೇಲಿದ್ದರೆ ಪೂರಾ ಬೀಳುತ್ತದೆ, ಓರೆಯಾದಷ್ಟೂ ಕಡಿಮೆ. 60 ಡಿಗ್ರಿ ಓರೆಯಾದರೆ ಅರ್ಧವೇ. ಲ್ಯಾಂಬರ್ಟ್ ಎಂಬಾತ 1760ರಲ್ಲಿ ಈ ನಿಯಮ ಬರೆದಿಟ್ಟ. ಆಮೇಲೆ ನೆರಳು: ಕಿರಣ ತಾಗಿದ ಜಾಗದಿಂದ ದೀಪದ ಕಡೆಗೆ ಇನ್ನೊಂದು ಗೆರೆ ಎಳೆಯಿರಿ, ನಡುವೆ ಏನಾದರೂ ಅಡ್ಡ ಬಂದರೆ ಆ ಜಾಗ ಕತ್ತಲು. 1968ರಲ್ಲಿ ಐಬಿಎಂನ ಆರ್ಥರ್ ಅಪೆಲ್ ಹೀಗೆ ನೆರಳು ತೆಗೆದರು.

ಇಲ್ಲಿಯೇ ನಾವು ಎರಡು ದಿನ ಒದ್ದಾಡಿದ್ದು. ಚಿತ್ರ ಬಂತು, ಆದರೆ ಒಗ್ಗರಣೆ ಸಿಡಿದಂತೆ ಕಾಯಿಯ ತುಂಬ ಸಾಸಿವೆಯಂಥ ಕರಿ ಚುಕ್ಕಿ! "ನೋಡವ್ವಾ, ನಾ ಹೇಳಲಿಲ್ಲಾ" ಎಂದು ಮಗಳು ಕಣ್ಣಲ್ಲಿ ನೀರು ತಂದಳು. ಕಡೆಗೆ ತಿಳಿದದ್ದು ಇದು: ಕಂಪ್ಯೂಟರು ದಶಾಂಶದ ತುದಿ ಕತ್ತರಿಸುತ್ತದೆ. 4 ಎನ್ನುವ ಬದಲು 4.0000001 ಎಂದರೆ ಆ ಬಿಂದು ಸಿಪ್ಪೆಯ ಒಳಗೆ ಬಿತ್ತು. ಅಲ್ಲಿಂದ ದೀಪದ ಕಡೆ ಹೊರಟ ಗೆರೆಗೆ ತನ್ನ ಸಿಪ್ಪೆಯೇ ಅಡ್ಡ! ಆ ಗೆರೆಯ ಲೆಕ್ಕದಲ್ಲಿ 0.001ಕ್ಕಿಂತ ಹತ್ತಿರ ತಾಗಿದ್ದನ್ನು ಬಿಟ್ಟುಬಿಡಿ. ಸಾಸಿವೆ ಮಾಯ.

ತಂಬಿಗೆಯ ಹೊಳಪು ಬೇಕೆಂದರೆ, ತಾಗಿದ ಕಿರಣವನ್ನು ಕನ್ನಡಿಯಲ್ಲಿ ತಿರುಗಿದ ಹಾಗೆ ತಿರುಗಿಸಿ ಮತ್ತೆ ಅದೇ ಪ್ರಶ್ನೆ ಕೇಳಬೇಕು. 1980ರಲ್ಲಿ ಬೆಲ್ ಪ್ರಯೋಗಾಲಯದ ಟರ್ನರ್ ವಿಟೆಡ್ ಇದನ್ನು ಪ್ರಕಟಿಸಿದರು. ಅವರ ಗೋಲಗಳ ಒಂದು ಚಿತ್ರಕ್ಕೆ ಆಗಿನ ಯಂತ್ರ 74 ನಿಮಿಷ ತೆಗೆದುಕೊಂಡಿತ್ತು. ನಮ್ಮ 20,000 ಚುಕ್ಕಿಗೆ ಈಗಿನ ಸಾಧಾರಣ ಲ್ಯಾಪ್‌ಟಾಪಿನಲ್ಲಿ ಚಹಾ ಸೋಸುವಷ್ಟು ಹೊತ್ತೂ ಬೇಡ.

ಬೇಕಾಗುವ ಸಾಮಾನು? ಹಳೆಯ ಲ್ಯಾಪ್‌ಟಾಪ್, ಪುಕ್ಕಟೆ ಸಿಗುವ ಪೈಥಾನ್ ಭಾಷೆ, ಒಂದು ನೋಟ್‌ಬುಕ್. ಚಿತ್ರವನ್ನು ಪಿಪಿಎಂ ಎಂಬ ಬಗೆಯಲ್ಲಿ ಬರೆಸಿ, ಅದು ಬರೀ ಅಕ್ಷರಗಳ ಕಡತ. ಮೊದಲು ಇಂಗ್ಲಿಷಿನ ದೊಡ್ಡ ಪಿ ಮತ್ತು 3 ಒಟ್ಟಿಗೆ, ಆಮೇಲೆ ಅಗಲ, ಎತ್ತರ, 255, ಆಮೇಲೆ ಚುಕ್ಕಿಗೊಂದರಂತೆ ಕೆಂಪು, ಹಸಿರು, ನೀಲಿಯ ಮೂರು ಸಂಖ್ಯೆ. ಗಿಂಪ್‌ನಲ್ಲಿ ತೆರೆದರೆ ಚಿತ್ರ ಕಾಣುತ್ತದೆ. ಇಂಗ್ಲಿಷ್ ಓದಬಲ್ಲವರಿಗೆ ಪೀಟರ್ ಶರ್ಲಿಯವರ 'ರೇ ಟ್ರೇಸಿಂಗ್ ಇನ್ ಒನ್ ವೀಕೆಂಡ್' (2016) ಒಳ್ಳೆಯ ಪುಸ್ತಕ, ಇಂಟರ್ನೆಟ್ಟಿನಲ್ಲಿ ಹಣ ಕೊಡದೆ ಓದಬಹುದು. ಶನಿವಾರ-ಭಾನುವಾರದಲ್ಲಿ ಕಲಿಯಬಹುದೆಂದು ಹೆಸರೇ ಹೇಳುತ್ತದೆ. ಆ ಮಹಾಶಯರ ಮನೆಯಲ್ಲಿ ಭಾನುವಾರ ರೊಟ್ಟಿ ಬಡಿಯುವವರು ಯಾರೋ! ನನಗೆ ಮೂರು ತಿಂಗಳು ಹಿಡಿಯಿತು, ಮಧ್ಯಾಹ್ನ ಭಾಂಡೆ ತೊಳೆದ ಮೇಲಿನ ಒಂದೊಂದು ತಾಸು.

ಸೂಟಿ ಮುಗಿದ ಮೇಲೆ ಮಗಳು ಬೆಳಗಾವಿಯ ಬಸ್ಸು ಹತ್ತಿದಳು. ವರ ನೋಡುವ ಮಾತು ಸದ್ಯಕ್ಕೆ ನಿಂತಿದೆ. ನನ್ನ ಚಿತ್ರದಲ್ಲಿ ಈಗ ಕೌದಿಯಂಥ ಚೌಕಳಿ ನೆಲ ಇದೆ, ಅದರ ಮೇಲೆ ಮೂರು ಹೊಳೆಯುವ ಗುಂಡುಗಳು, ಒಂದರೊಳಗೊಂದು ಕಾಣುತ್ತವೆ. ತಂಬಿಗೆಯ ಹೊಟ್ಟೆಯೂ ಬಂದಿದೆ. ಕಂಠ ಮಾತ್ರ ಗುಂಡಗಿಲ್ಲವಲ್ಲ, ಅದರ ಸಮೀಕರಣ ಇನ್ನೂ ಕೂಡಿ ಬಂದಿಲ್ಲ. ಫೋನಿನಲ್ಲಿ ಕೇಳಿದರೆ, "ತಡಿಯವ್ವಾ, ಪರೀಕ್ಷೆ ಮುಗೀಲಿ, ಬಂದು ನೋಡ್ತೀನಿ" ಅಂದಿದ್ದಾಳೆ.